ಬ್ಯಾಂಕಿನವರು ನೋಡುವ ಮೊದಲು ನಿಮ್ಮ ಸಿಬಿಲ್ ರಿಪೋರ್ಟ್ ನೀವೇ ತರಿಸಿ ಓದಿ

ಹೋದ ಸಲ ಕಾಫಿ ಕುಯ್ಲು ಶುರುವಾಗುವ ಮುಂಚೆ ನಮ್ಮ ಮಾವ ಒಂದು ಪಿಕಪ್ ತೆಗೆದುಕೊಳ್ಳೋಣ ಎಂದು ಸಾಲಕ್ಕೆ ಅರ್ಜಿ ಹಾಕಿದರು. ಕೊಡಗಿನ ನಾಪೋಕ್ಲು ಕಡೆ ತೋಟ. ರೋಬಸ್ಟಾ ಜಾಸ್ತಿ, ನಡುವೆ ಕರಿಮೆಣಸು. ಪ್ರತಿ ವರ್ಷ ಬೇರೆಯವರ ಗಾಡಿಗೆ ಬಾಡಿಗೆ ಕೊಟ್ಟು ಸಾಕಾಗಿತ್ತು. ಆರ್‌ಟಿಸಿ, ಆಧಾರ್, ಪ್ಯಾನ್, ಎರಡು ವರ್ಷದ ಕಾಫಿ ಮಾರಿದ ಬಿಲ್ಲು ಎಲ್ಲ ಕೊಟ್ಟು ಬಂದರು. ವಾರ ಕಳೆದ ಮೇಲೆ ಬಂದದ್ದು ಒಂದೇ ಮಾತು: "ಸಿಬಿಲ್ ಸರಿ ಇಲ್ಲ." ಏನು ಸರಿ ಇಲ್ಲ, ಯಾವ ಸಾಲ, ಎಷ್ಟು ಬಾಕಿ, ಯಾರೂ ಹೇಳಲಿಲ್ಲ.

"ನಾನು ಯಾರಿಗೂ ಒಂದು ರೂಪಾಯಿ ಬಾಕಿ ಇಟ್ಟವನಲ್ಲ ಮಾರಾಯ್ತಿ" ಎಂದು ಮಾವ ಹೇಳಿದಾಗ ಅವರ ಮುಖ ನೋಡಲು ಆಗಲಿಲ್ಲ. ಅವತ್ತೇ ಕೂತು ಸಿಬಿಲ್ ರಿಪೋರ್ಟ್, ಅಂದರೆ ಯಾವ ಸಾಲ ತೆಗೆದಿದ್ದಾರೆ, ಹೇಗೆ ತೀರಿಸಿದ್ದಾರೆ ಎಂಬ ಲೆಕ್ಕದ ಕಾಗದ, ತರಿಸಿದೆವು. ಅದರಲ್ಲಿ ಒಂದು ಹಳೆಯ ಚಿನ್ನದ ಸಾಲ ಇತ್ತು. 2022ರಲ್ಲೇ ತೀರಿಸಿ ಬಳೆ ಬಿಡಿಸಿಕೊಂಡು ಬಂದಿದ್ದರು. ಅತ್ತೆ ಅದೇ ಬಳೆ ಹಾಕಿಕೊಂಡು ಪಕ್ಕದಲ್ಲೇ ನಿಂತಿದ್ದರು. ಆದರೆ ರಿಪೋರ್ಟಿನಲ್ಲಿ ಆ ಸಾಲ ಇನ್ನೂ ಮುಗಿದಿಲ್ಲ, ಬಾಕಿ 1,870 ರೂಪಾಯಿ. ಕೆಳಗೆ ಯಾವ ತಿಂಗಳು ಎಷ್ಟು ದಿನ ತಡ ಎಂಬ ಲೆಕ್ಕದ ಸಾಲು: 000, 000, 000, ಆಮೇಲೆ 030, 060, 090... ಹೀಗೆ ಏರುತ್ತಾ ಹೋಗಿತ್ತು. ಯಾವುದೋ ಕೊನೆಯ ಬಡ್ಡಿಯ ಚೂರು ಖಾತೆಯಲ್ಲಿ ಉಳಿದಿತ್ತೋ, ಬ್ಯಾಂಕಿನವರು ಮುಚ್ಚಿದ್ದನ್ನು ಕಳಿಸಲು ಮರೆತರೋ, ಅಂತೂ ಮೂರು ವರ್ಷ ಅದು ಅಲ್ಲೇ ಕೂತಿತ್ತು, ನಮಗೆ ಗೊತ್ತೇ ಇರಲಿಲ್ಲ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ರಿಪೋರ್ಟ್ ನಿಮ್ಮ ಬಗ್ಗೆ ಬರೆದಿಟ್ಟ ಮಾಹಿತಿ. ಕೇಳುವ ಹಕ್ಕು ನಿಮಗಿದೆ, ಅದೂ ಪುಕ್ಕಟೆ. ಸಾಲ ಬೇಕಾದಾಗ ಅಲ್ಲ, ಅದಕ್ಕಿಂತ ಮೊದಲೇ ಕೇಳಿ.

ಮೊದಲು ಒಂದು ವಿಷಯ. ನಾವು ಎಲ್ಲದಕ್ಕೂ ಸಿಬಿಲ್ ಸಿಬಿಲ್ ಅನ್ನುತ್ತೇವೆ, ಅಲ್ವಾ? ನಿಜವಾಗಿ ಹೀಗೆ ಜನರ ಸಾಲದ ಲೆಕ್ಕ ಬರೆದಿಡುವ ಕಂಪನಿಗಳು ನಾಲ್ಕು ಇವೆ, ಸಿಬಿಲ್ ಅದರಲ್ಲಿ ಒಂದು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಸಿಬಿಲ್ 2000ದಲ್ಲಿ ಶುರುವಾದದ್ದು, ಉಳಿದ ಮೂರಕ್ಕೆ 2010ರಲ್ಲಿ ಲೈಸೆನ್ಸ್ ಸಿಕ್ಕಿತು. ನಾಲ್ಕೂ ನಡೆಯುವುದು 2005ರ ಕ್ರೆಡಿಟ್ ಮಾಹಿತಿ ಕಂಪನಿಗಳ ಕಾಯ್ದೆಯ ಕೆಳಗೆ, ಮೇಲೆ ರಿಸರ್ವ್ ಬ್ಯಾಂಕಿನ ಕಣ್ಣು. 2015ರಿಂದ ಬ್ಯಾಂಕುಗಳೂ ಫೈನಾನ್ಸ್ ಕಂಪನಿಗಳೂ ನಾಲ್ಕಕ್ಕೂ ನಿಮ್ಮ ಸಾಲದ ವಿವರ ಕಳಿಸಬೇಕು ಎಂದು ನಿಯಮ ಇದೆ. ಆದರೂ ನಾಲ್ಕು ರಿಪೋರ್ಟ್ ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದೇ ತರ ಇರುವುದಿಲ್ಲ. ನೀವು ಹೋಗುವ ಬ್ಯಾಂಕು ಯಾವುದನ್ನು ತೆಗೆದು ನೋಡುತ್ತದೆ ಎಂದು ನಿಮಗೆ ಗೊತ್ತಿರುವುದಿಲ್ಲ. ಹಾಗಾಗಿ ಮೊದಲ ಸಲ ನಾಲ್ಕನ್ನೂ ಒಟ್ಟಿಗೆ ತರಿಸಿ. ಮುಂದಿನ ವರ್ಷದಿಂದ ಬೇಕಾದರೆ ಮೂರು ತಿಂಗಳಿಗೆ ಒಂದರಂತೆ ತೆಗೆಯಬಹುದು, ಆಗ ವರ್ಷವಿಡೀ ಒಂದು ಕಣ್ಣು ಇಟ್ಟಂತೆ ಆಗುತ್ತದೆ.

2017ರ ಜನವರಿಯಿಂದ ಪ್ರತಿ ಕಂಪನಿಯೂ ಕೇಳಿದವರಿಗೆ ಕ್ಯಾಲೆಂಡರ್ ವರ್ಷಕ್ಕೆ ಒಂದು ಪೂರ್ತಿ ರಿಪೋರ್ಟ್, ಸ್ಕೋರ್ ಸಮೇತ, ದುಡ್ಡಿಲ್ಲದೆ ಕೊಡಬೇಕು. ಜನವರಿ 1ರಿಂದ ಡಿಸೆಂಬರ್ 31ರವರೆಗೆ ಲೆಕ್ಕ. ಅದೇ ವರ್ಷ ಇನ್ನೊಂದು ಸಲ ಬೇಕಾದರೆ ಒಂದು ರಿಪೋರ್ಟಿಗೆ 100 ರೂಪಾಯಿಗಿಂತ ಜಾಸ್ತಿ ಕೇಳುವಂತಿಲ್ಲ.

ತರಿಸುವುದು ಹೇಗೆ? ಗೂಗಲ್‌ನಲ್ಲಿ "ಫ್ರೀ ಸಿಬಿಲ್" ಎಂದು ಹುಡುಕಬೇಡಿ. ಹಾಗೆ ಹುಡುಕಿದರೆ ಸಾಲ ಮಾರುವ ಆ್ಯಪ್‌ಗಳೇ ಮೊದಲು ಬರುತ್ತವೆ, ನಂಬರ್ ಕೊಟ್ಟ ಮರುದಿನದಿಂದ "ಸರ್ ಲೋನ್ ಬೇಕಾ" ಎಂದು ಫೋನ್ ಶುರು. ನೇರವಾಗಿ ಕಂಪನಿಯ ವಿಳಾಸವನ್ನೇ ಟೈಪ್ ಮಾಡಿ: ಸಿಬಿಲ್ ಡಾಟ್ ಕಾಮ್, ಎಕ್ಸ್‌ಪೀರಿಯನ್ ಡಾಟ್ ಇನ್, ಈಕ್ವಿಫ್ಯಾಕ್ಸ್ ಡಾಟ್ ಕೋ ಡಾಟ್ ಇನ್, ಕ್ರಿಫ್‌ಹೈಮಾರ್ಕ್ ಡಾಟ್ ಕಾಮ್. ಪುಕ್ಕಟೆ ರಿಪೋರ್ಟಿನ ಕೊಂಡಿಯನ್ನು ಎದ್ದು ಕಾಣುವಂತೆ ಇಡಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ, ಹುಡುಕಿದರೆ ಸಿಗುತ್ತದೆ. ಹೆಸರು, ಹುಟ್ಟಿದ ದಿನ, ಪ್ಯಾನ್ ನಂಬರ್, ಪಿನ್‌ಕೋಡ್, ಮೊಬೈಲ್, ಇಮೇಲ್ ತುಂಬಿಸಿ. ಒಟಿಪಿ ಬರುತ್ತದೆ. ಕೆಲವು ಸಲ "ಈ ಸಾಲ ನಿಮ್ಮದಾ, ಯಾವ ಬ್ಯಾಂಕಿನದು" ಎಂದು ಪ್ರಶ್ನೆ ಕೇಳುತ್ತಾರೆ, ನೀವೇ ಹೌದೋ ಅಲ್ಲವೋ ತಿಳಿಯಲು. ಮಧ್ಯೆ ತಿಂಗಳಿಗೆ ಇಷ್ಟು, ವರ್ಷಕ್ಕೆ ಇಷ್ಟು ಎಂದು ಪ್ಲಾನ್ ತೋರಿಸಿದರೆ ಗಾಬರಿ ಬೇಡ. ಅದು ಬೇಡ ಎನ್ನುವ ಸಣ್ಣ ಅಕ್ಷರದ ಸಾಲು ಅಲ್ಲೇ ಎಲ್ಲೋ ಇರುತ್ತದೆ, ಅದನ್ನು ಒತ್ತಿ ಮುಂದೆ ಹೋಗಿ. ಕಾರ್ಡ್ ನಂಬರ್ ಕೇಳಿದರೆ ದಾರಿ ತಪ್ಪಿದ್ದೀರಿ ಎಂದೇ ತಿಳಿಯಿರಿ.

ನಮ್ಮ ಕಡೆ ದೊಡ್ಡ ತೊಂದರೆ ಒಟಿಪಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ಟವರ್ ಕೂಡ ಹೋಗುತ್ತದೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲದೆ ಗುಡ್ಡದ ಮೇಲಿನ ಒಂದೇ ಮೂಲೆಯಲ್ಲಿ ನಿಂತು ಮಾತಾಡುವವರು ಎಷ್ಟು ಜನ ಇಲ್ಲ? ಒಟಿಪಿ ಬರುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಸುಮ್ನೆ ಮತ್ತೆ ಮತ್ತೆ ಒತ್ತಿ ಕೂರಬೇಡಿ. ಮಡಿಕೇರಿಗೋ ವಿರಾಜಪೇಟೆಗೋ ಗೋಣಿಕೊಪ್ಪಕ್ಕೋ ಹೇಗೂ ಹೋಗುವ ದಿನ ಇದನ್ನೂ ಮುಗಿಸಿ. ಸೈಬರ್ ಸೆಂಟರ್‌ನಲ್ಲಿ ಮಾಡಿಸಿದರೆ ಪಕ್ಕದಲ್ಲೇ ಕೂತುಕೊಳ್ಳಿ. ಒಟಿಪಿಯನ್ನು ನೀವೇ ಹಾಕಿ, ಪ್ರಿಂಟ್ ತೆಗೆದ ಮೇಲೆ ಅವರ ಕಂಪ್ಯೂಟರಿನಿಂದ ಫೈಲ್ ಅಳಿಸಿಸಿ, ಇಮೇಲ್ ತೆರೆದಿದ್ದರೆ ಲಾಗೌಟ್ ಮಾಡಿ. ನಿಮ್ಮ ಸಾಲ, ವಿಳಾಸ, ಪ್ಯಾನ್ ಎಲ್ಲ ಅದರಲ್ಲಿ ಇರುತ್ತದೆ.

ಇನ್ನೊಂದು ನಮ್ಮ ಜಿಲ್ಲೆಯದೇ ತೊಂದರೆ, ಹೆಸರು. ಕೊಡವರಲ್ಲಿ ಮನೆ ಹೆಸರು ಮುಂದೆ ಬರುತ್ತದೆ. ಪ್ಯಾನ್‌ಗೆ ಅರ್ಜಿ ಹಾಕುವಾಗ ಅದನ್ನು ಕೊನೆಯ ಹೆಸರು ಮಾಡಿರುತ್ತಾರೆ. ಆಧಾರ್‌ನಲ್ಲಿ ಬರೀ ಇನಿಷಿಯಲ್. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮೂರನೇ ತರ. ಹಿರಿಯರಿಗಂತೂ ಹುಟ್ಟಿದ ದಿನವೂ ಒಂದೊಂದು ಕಾಗದದಲ್ಲಿ ಒಂದೊಂದು. ಈ ಕಂಪನಿಗಳು ಹೆಸರು, ಹುಟ್ಟಿದ ದಿನ, ಪ್ಯಾನ್, ಫೋನ್ ಎಲ್ಲ ಹೊಂದಿಸಿ "ಇದೇ ಮನುಷ್ಯ" ಎಂದು ತೀರ್ಮಾನ ಮಾಡುತ್ತವೆ. ಹೊಂದದಿದ್ದರೆ ಒಬ್ಬರ ಕಡತ ಎರಡಾಗಬಹುದು. ಅದಕ್ಕಿಂತ ಕೆಟ್ಟದ್ದು, ಬೇರೆಯವರ ಸಾಲ ನಿಮ್ಮ ಕಡತಕ್ಕೆ ಬಂದು ಸೇರಬಹುದು. ಪೂವಯ್ಯ ಎಂಬ ಹೆಸರಿನವರು ಒಂದೇ ಪಿನ್‌ಕೋಡಿನಲ್ಲಿ ಎಷ್ಟು ಜನ ಇದ್ದಾರೆ ಎಂದು ನೀವೇ ಯೋಚಿಸಿ. ಹಾಗಾಗಿ ಅರ್ಜಿ ತುಂಬುವಾಗ ಪ್ಯಾನ್ ಕಾರ್ಡಿನಲ್ಲಿ ಹೇಗಿದೆಯೋ ಹಾಗೇ ತುಂಬಿ. ರಿಪೋರ್ಟ್ ಬಂದ ಮೇಲೆ ಮೊದಲ ಪುಟದ ಹೆಸರು, ವಿಳಾಸ, ಫೋನ್ ನಂಬರುಗಳನ್ನು ಬೆರಳಿಟ್ಟು ಓದಿ. ನೀವು ಯಾವತ್ತೂ ಇರದ ಊರಿನ ವಿಳಾಸ ಕಂಡರೆ ಅಲ್ಲೇ ನಿಲ್ಲಿ.

ಸ್ಕೋರ್ ಎಂದರೆ ನೀವು ಸಾಲ ಎಷ್ಟು ಸರಿಯಾಗಿ ತೀರಿಸುತ್ತೀರಿ ಎಂದು ಅಳೆಯುವ, 300ರಿಂದ 900ರ ಒಳಗಿನ ಒಂದು ಸಂಖ್ಯೆ, ಜಾಸ್ತಿ ಇದ್ದಷ್ಟೂ ಒಳ್ಳೆಯದು. ಎಲ್ಲರೂ ಅದನ್ನೇ ನೋಡಿ ಕಾಗದ ಮಡಚಿ ಇಡುತ್ತಾರೆ. ನನಗೆ ಅನಿಸುವುದು, ಅದನ್ನು ಕೊನೆಗೆ ನೋಡಿ. ತಪ್ಪು ಇರುವುದು ಒಳಗಿನ ಪುಟಗಳಲ್ಲಿ. ಇನ್ನೂ ಸಾಲವನ್ನೇ ಮಾಡದ ಹುಡುಗ ಹುಡುಗಿಯರಿಗೆ ಸ್ಕೋರ್ ಬರುವುದಿಲ್ಲ, ಇತಿಹಾಸ ಇಲ್ಲ ಎಂದು ಬರುತ್ತದೆ. ಅದೊಂದೇ ಕಾರಣಕ್ಕೆ ಮೊದಲ ಸಾಲದ ಅರ್ಜಿ ತಳ್ಳಬಾರದು ಎಂದು ರಿಸರ್ವ್ ಬ್ಯಾಂಕಿನ 2025ರ ನಿರ್ದೇಶನ ಇದೆ. ಯಾರಾದರೂ ಹಾಗೆ ಹೇಳಿ ಕಳಿಸಿದರೆ ಈ ಮಾತು ನೆನಪಿರಲಿ.

ಒಂದೊಂದು ಸಾಲಕ್ಕೂ ಒಂದು ಚೌಕ ಇರುತ್ತದೆ. ಅದರಲ್ಲಿ ನೋಡಬೇಕಾದ್ದು ಇಷ್ಟು: ಸಾಲ ನಿಮ್ಮದೇನಾ, ತೀರಿಸಿದ್ದು ಕ್ಲೋಸ್ಡ್ ಎಂದು ಇದೆಯಾ, ಓವರ್‌ಡ್ಯೂ ಜಾಗದಲ್ಲಿ ಏನಾದರೂ ಉಳಿದಿದೆಯಾ. ಸಿಬಿಲ್‌ನಲ್ಲಿ ಕೆಳಗೆ 36 ತಿಂಗಳವರೆಗಿನ ಸಾಲು ಇರುತ್ತದೆ. 000 ಎಂದರೆ ಸಮಯಕ್ಕೆ ಕಟ್ಟಿದ್ದೀರಿ, 030 ಎಂದರೆ 30 ದಿನ ತಡ, ಎಕ್ಸ್ ಎಕ್ಸ್ ಎಕ್ಸ್ ಎಂದರೆ ಆ ತಿಂಗಳು ಬ್ಯಾಂಕು ಏನೂ ಕಳಿಸಿಲ್ಲ. "ಸೆಟಲ್ಡ್" ಎಂಬ ಮಾತು ಕಂಡರೆ ಸಮಾಧಾನಪಡಬೇಡಿ. ಒಟಿಎಸ್, ಅಂದರೆ ಒಂದೇ ಸಲದ ಇತ್ಯರ್ಥ ಮಾಡಿ, ಬ್ಯಾಂಕು ಸ್ವಲ್ಪ ಹಣ ಬಿಟ್ಟುಕೊಟ್ಟು ಮುಗಿಸಿದ ಸಾಲಕ್ಕೆ ಹಾಗೆ ಬರೆಯುತ್ತಾರೆ. ಅದು ಪೂರ್ತಿ ತೀರಿಸಿದ್ದಕ್ಕೆ ಸಮ ಅಲ್ಲ, ಮುಂದಿನ ಬ್ಯಾಂಕು ಅದನ್ನು ಕಂಡರೆ ಹಿಂದೆ ಸರಿಯುತ್ತದೆ.

ಆಮೇಲೆ ಜಾಮೀನು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ನಮ್ಮಲ್ಲಿ ಪಕ್ಕದ ತೋಟದವರು ಟ್ರ್ಯಾಕ್ಟರಿಗೆ ಸಾಲ ತೆಗೆಯುವಾಗ, ಅಣ್ಣ ತಮ್ಮಂದಿರು ಮನೆ ಕಟ್ಟುವಾಗ, "ಒಂದು ಸೈನ್ ಹಾಕು" ಎಂದರೆ ಇಲ್ಲ ಎನ್ನಲು ಆಗುವುದಿಲ್ಲ. ಹುತ್ತರಿ ಹಬ್ಬಕ್ಕೆ ಒಟ್ಟಿಗೆ ಕೂತು ಊಟ ಮಾಡುವವರು. ಹಾಕಿ ಬಂದು ಮರೆತುಬಿಡುತ್ತೇವೆ. ಆದರೆ ಆ ಸಾಲ ನಿಮ್ಮ ರಿಪೋರ್ಟಿನಲ್ಲಿ ಗ್ಯಾರಂಟರ್ ಎಂಬ ಹೆಸರಲ್ಲಿ ಬಂದು ಕೂರಬಹುದು. ಅವರು ಕಂತು ತಪ್ಪಿಸಿದರೆ ಕಾನೂನಿನ ಪ್ರಕಾರ ಜಾಮೀನುದಾರನ ಹೊಣೆ ಸಾಲಗಾರನಷ್ಟೇ. ಹತ್ತು ವರ್ಷದ ಹಿಂದೆ ಯಾರಿಗೆ ಸೈನ್ ಹಾಕಿದ್ದೀರಿ ಎಂದು ಮರೆತಿದ್ದರೆ ರಿಪೋರ್ಟ್ ನೆನಪು ಮಾಡಿಕೊಡುತ್ತದೆ.

ತೋಟದ ಕೆಲಸದವರ ಲೈನ್ ಮನೆಯ ಅಕ್ಕಂದಿರಿಗೆ, ಗುಂಪಿನಲ್ಲಿ ಮೈಕ್ರೋಫೈನಾನ್ಸ್ ಸಾಲ ತೆಗೆಯುವವರಿಗೆ ಒಂದು ಮಾತು. ಕ್ರಿಫ್ ಹೈ ಮಾರ್ಕ್ ಶುರುವಿನಲ್ಲಿ ಇಂಥ ಸಣ್ಣ ಸಾಲಗಳ ಲೆಕ್ಕದಿಂದಲೇ ಬೆಳೆದ ಕಂಪನಿ. ಒಂದೇ ತರಿಸಲು ಆಗುವುದಾದರೆ ನೀವು ಅದನ್ನು ತರಿಸಿ. ನಿಮ್ಮ ಆಧಾರ್ ಜೆರಾಕ್ಸ್ ಕೊಟ್ಟು ಇನ್ಯಾರಾದರೂ ಸಾಲ ಎತ್ತಿದ್ದರೆ ಅಲ್ಲಿ ಕಾಣುವ ಸಾಧ್ಯತೆ ಜಾಸ್ತಿ.

ಕೊನೆಯ ಪುಟದಲ್ಲಿ ಎನ್‌ಕ್ವೈರಿ ಎಂದು ಇರುತ್ತದೆ. ಯಾವ ಬ್ಯಾಂಕು ಯಾವ ದಿನ ನಿಮ್ಮ ರಿಪೋರ್ಟ್ ತೆಗೆದು ನೋಡಿತು ಎಂಬ ಪಟ್ಟಿ. ನೀವು ಸಾಲ ಕೇಳದ ಕಂಪನಿ ಅಲ್ಲಿದ್ದರೆ ವಿಚಾರಿಸಲೇಬೇಕು. ನಿಮ್ಮ ರಿಪೋರ್ಟ್ ನೀವೇ ನೋಡಿಕೊಂಡರೆ ಸ್ಕೋರ್ ಇಳಿಯುವುದಿಲ್ಲ, ಆ ಹೆದರಿಕೆ ಬಿಡಿ.

ತಪ್ಪು ಸಿಕ್ಕಿದರೆ? ಅದೇ ವೆಬ್‌ಸೈಟಿನಲ್ಲಿ ಡಿಸ್ಪ್ಯೂಟ್, ಅಂದರೆ ತಕರಾರು, ಹಾಕಬಹುದು, ದುಡ್ಡು ಇಲ್ಲ. ಸಿಬಿಲ್ ರಿಪೋರ್ಟಿನ ಮೇಲ್ಗಡೆ ಕಂಟ್ರೋಲ್ ನಂಬರ್ ಇರುತ್ತದೆ, ಅದು ಬೇಕು. ಕಂಪನಿ ತಾನಾಗಿ ತಿದ್ದುವುದಿಲ್ಲ, ಬ್ಯಾಂಕನ್ನು ಕೇಳಿ ಅವರು ಹೌದು ಎಂದ ಮೇಲೆ ತಿದ್ದುತ್ತದೆ. ಹಾಗಾಗಿ ಅದೇ ದಿನ ಬ್ಯಾಂಕಿಗೂ ಒಂದು ಕಾಗದ ಕೊಡಿ. ಮಾವನ ಕಾಗದ ನಾನು ಹೀಗೆ ಬರೆದೆ:

"ನನ್ನ ಚಿನ್ನದ ಸಾಲದ ಖಾತೆ ಸಂಖ್ಯೆ ಇಂಥದ್ದು. ಇಂಥ ದಿನ ಪೂರ್ತಿ ತೀರಿಸಿ ಒಡವೆ ವಾಪಸ್ ಪಡೆದಿದ್ದೇನೆ. ರಸೀದಿಯ ಪ್ರತಿ ಜೊತೆಗಿದೆ. ಕ್ರೆಡಿಟ್ ರಿಪೋರ್ಟಿನಲ್ಲಿ ಇದು ಇನ್ನೂ ಬಾಕಿ ಎಂದು ಇದೆ. ಖಾತೆ ಮುಚ್ಚಿರುವುದನ್ನು ನಾಲ್ಕೂ ಕಂಪನಿಗಳಿಗೆ ತಿಳಿಸಿ, ಬಾಕಿ ಇಲ್ಲ ಎಂಬ ಪತ್ರ ಕೊಡಿ."

ಇಷ್ಟೇ. ಎರಡು ಪ್ರತಿ ಮಾಡಿ, ಒಂದರ ಮೇಲೆ ಬ್ಯಾಂಕಿನ ಸೀಲು ಮತ್ತು ತಾರೀಖು ಹಾಕಿಸಿಕೊಂಡು ಬನ್ನಿ. ಆ ತಾರೀಖು ಮುಖ್ಯ. ದೂರು ಕೊಟ್ಟ ದಿನದಿಂದ 30 ದಿನದೊಳಗೆ ಮುಗಿಸಬೇಕು, ಅದರಲ್ಲಿ ಬ್ಯಾಂಕಿಗೆ 21 ದಿನ. ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ನಿಮಗೆ ಪರಿಹಾರ ಕೊಡಬೇಕು. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮ ಇದು. ಕೌಂಟರಿನಲ್ಲಿ ಸಮಾಧಾನವಾಗಿ ಈ ಮಾತು ಹೇಳಿ. ಆಗಲೂ ಆಗದಿದ್ದರೆ ಜನರ ದೂರು ಕೇಳುವ ಅಧಿಕಾರಿ, ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಕೊಡಿ, ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್‌ನಲ್ಲಿ. ಅದಕ್ಕೂ ಶುಲ್ಕ ಇಲ್ಲ. ವಿಚಾರಿಸಲು 14448ಕ್ಕೆ ಫೋನ್ ಮಾಡಬಹುದು. 2022ರ ಸೆಪ್ಟೆಂಬರಿನಿಂದ ಈ ನಾಲ್ಕು ಕಂಪನಿಗಳ ಮೇಲೂ ಅಲ್ಲಿ ದೂರು ಕೊಡಬಹುದು, ಬರೀ ಬ್ಯಾಂಕಿನ ಮೇಲೆ ಮಾತ್ರ ಅಲ್ಲ.

ಮೊಬೈಲ್ ನಂಬರ್ ಬದಲಾಗಿದ್ದರೆ ಬ್ಯಾಂಕಿನಲ್ಲಿ ಸರಿ ಮಾಡಿಸಿ. ಯಾರಾದರೂ ನಿಮ್ಮ ರಿಪೋರ್ಟ್ ತೆಗೆದರೆ ಮೆಸೇಜೋ ಮೇಲೋ ಬರಬೇಕು ಎಂದು ಈಗ ನಿಯಮ ಇದೆ, ಹಳೆಯ ಸಿಮ್ಮಿಗೆ ಹೋದರೆ ಏನು ಪ್ರಯೋಜನ?

ಮಾವನ ಸಾಲದ ರಸೀದಿ ಅತ್ತೆಯ ಟ್ರಂಕಿನಲ್ಲಿ, ಆರ್‌ಟಿಸಿಗಳ ಕೆಳಗೆ ಸಿಕ್ಕಿತು. ಮಸಿ ಮಾಸಿತ್ತು, ಆದರೆ ಸೀಲು ಓದಬಹುದಿತ್ತು. ಕಾಗದ ಕೊಟ್ಟ 26ನೇ ದಿನಕ್ಕೆ ಸಿಬಿಲ್‌ನಲ್ಲಿ ಸರಿಯಾಯಿತು. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ತಿದ್ದಿದಂತೆ ಎಂದು ನಾವು ಅಂದುಕೊಂಡಿದ್ದು ತಪ್ಪಾಯಿತು. ಉಳಿದ ಮೂರರಲ್ಲಿ ಎರಡು ಸರಿಯಾಗಿದ್ದವು, ಒಂದರಲ್ಲಿ ಅದೇ 1,870 ಹಾಗೇ ಇತ್ತು. ಅಲ್ಲಿಗೆ ಇನ್ನೊಂದು ಡಿಸ್ಪ್ಯೂಟ್ ಹಾಕಿ, ಸೀಲು ಹಾಕಿಸಿದ ಕಾಗದದ ಫೋಟೋ ಸೇರಿಸಿ ಕಳಿಸಿದೆವು. ಪಿಕಪ್ ಬರುವಷ್ಟರಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗೆ ಹೂ ಬಿಟ್ಟಿತ್ತು.