ಫಾರ್ಮಲಿನ್ ಆವಿಯನ್ನು ಕೆಳಕ್ಕೆ ಎಳೆದ ಮೇಜು: ನನ್ನ ಅನುಭವ

ನಲವತ್ತು ಸಾವಿರ ರೂಪಾಯಿಯೊಳಗೆ ಗ್ರಾಸಿಂಗ್ ಮೇಜಿಗೆ (ಶಸ್ತ್ರಕ್ರಿಯೆಯಲ್ಲಿ ತೆಗೆದ ಅಂಗಗಳನ್ನು ಪರೀಕ್ಷೆಗೆ ಕೊಯ್ಯುವ ಮೇಜು) ಡೌನ್‌ಡ್ರಾಫ್ಟ್, ಅಂದರೆ ಗಾಳಿಯನ್ನು ಕೆಳಕ್ಕೆ ಎಳೆಯುವ ವ್ಯವಸ್ಥೆ, ಕೂಡಿಸಲು ಸಾಧ್ಯವಿಲ್ಲ ಎಂದವರು ಈಗ ನಮ್ಮ ಲ್ಯಾಬಿಗೆ ಬಂದು ನೋಡಬಹುದು. ಅದೇ ಕೆಲಸಕ್ಕೆ ಸರಬರಾಜುದಾರರೊಬ್ಬರು ಹೇಳಿದ್ದ ದರ ನಾಲ್ಕು ಲಕ್ಷದ ಆಸುಪಾಸು. ನಮ್ಮದನ್ನು ಮಾಡಿದ್ದು ಕುಂಬಳೆಯ ಒಬ್ಬ ವೆಲ್ಡರ್ ಮತ್ತು ನಾನು.

ಕಾಸರಗೋಡಿನ ಸಣ್ಣ ಆಸ್ಪತ್ರೆಯ ಹಿಸ್ಟೊಪೆಥಾಲಜಿ (ಅಂಗಾಂಶ ಪರೀಕ್ಷೆ) ಕೋಣೆ ಹೇಗಿರುತ್ತದೆಂದು ಈ ಕೆಲಸ ಮಾಡುವವರಿಗೆ ಗೊತ್ತು. ಕೆಡದಂತೆ ಫಾರ್ಮಲಿನ್‌ನಲ್ಲಿ (ಫಾರ್ಮಾಲ್ಡಿಹೈಡ್ ಅನಿಲ ಕರಗಿದ ನೀರು) ಗರ್ಭಕೋಶವಿಟ್ಟ ಬಕೆಟ್ಟಿನ ಮುಚ್ಚಳ ತೆಗೆದರೆ ಕಣ್ಣಲ್ಲಿ ನೀರು, ಗಂಟಲಲ್ಲಿ ಕೆರೆತ. ತುಸು ಹೊತ್ತು ಕಳೆದರೆ ವಾಸನೆಯೇ ತಿಳಿಯುವುದಿಲ್ಲ; ಅಷ್ಟಕ್ಕೇ ಗಾಳಿ ಸರಿಹೋಯಿತೆಂದು ನಂಬುವವರು ನಮ್ಮ ವೃತ್ತಿಯಲ್ಲಿ ಬಹಳ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಫಾರ್ಮಾಲ್ಡಿಹೈಡನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿದೆ. ಎಂಡೋಸಲ್ಫಾನ್ ಕೀಟನಾಶಕದ ಹಾನಿ ಕಂಡ ಜಿಲ್ಲೆಯವರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಇದ್ದದ್ದು ಗೋಡೆಯ ಮೇಲ್ಭಾಗದ ಎಕ್ಸಾಸ್ಟ್ ಫ್ಯಾನ್. ಅದು ಮೇಜಿನ ಆವಿಯನ್ನು ಮುಖದ ಮುಂದೆಯೇ ಹಾಯಿಸಿ ಹೊರಗೆ ಕಳಿಸುತ್ತಿತ್ತು. ಇನ್ನೂ ದೊಡ್ಡ ಫ್ಯಾನ್ ತಂದಾಗ ಕಣ್ಣುರಿ ಹೆಚ್ಚಿತು. ಮೂರು ಸಾವಿರ ಹೋಯಿತು. ಗೆರಟೆಯ ಆಕ್ಟಿವೇಟೆಡ್ ಇದ್ದಿಲಿನ ಫಿಲ್ಟರು ಲ್ಯಾಬಿನ ಇನ್ನೊಂದು ದ್ರಾವಕ ಕ್ಸೈಲೀನಿನ ವಾಸನೆಯನ್ನು ಚೆನ್ನಾಗಿ ಹಿಡಿಯಿತು, ಫಾರ್ಮಾಲ್ಡಿಹೈಡನ್ನು ಹಿಡಿಯಲಿಲ್ಲ. ಅದಕ್ಕೆ ಪರ್ಮಾಂಗನೇಟ್ ಸೇರಿಸಿದ ಅಲ್ಯೂಮಿನಾ ಗುಳಿಗೆಗಳೇ ಬೇಕು, ಬೆಲೆ ನಮಗೆ ಎಟಕುವಂಥದ್ದಲ್ಲ. ಎನ್95 ಮಾಸ್ಕ್ ಕಣಗಳನ್ನು ತಡೆಯುತ್ತದೆ, ಅನಿಲವನ್ನಲ್ಲ. ಅಡಿಕೆ ತೋಟದ ಸಿಂಪಡಣೆಗೆಂದು ಬದಿಯಡ್ಕದಲ್ಲಿ ಸಿಗುವ ಕಾರ್ಟ್ರಿಜ್ ಮಾಸ್ಕನ್ನೂ ಹಾಕಿ ನೋಡಿದೆ. ಫಾರ್ಮಾಲ್ಡಿಹೈಡಿಗೆಂದೇ ಗುರುತಿಲ್ಲದ ಕಾರ್ಟ್ರಿಜ್ಜನ್ನು ನಂಬುವಂತಿಲ್ಲ.

ಕೊನೆಗೆ ಆವಿಯನ್ನು ಮೇಲೇಳಲು ಬಿಡಲೇಬಾರದೆಂದು ತೀರ್ಮಾನಿಸಿದೆ. 304 ದರ್ಜೆಯ ಸ್ಟೀಲ್ ಹಾಳೆಗೆ ತೂತು ಕೊರೆಸಿ, ಅಡಿಯಲ್ಲಿ ಇಳಿಜಾರಿನ ಪೆಟ್ಟಿಗೆ, ಅದರಿಂದ ಆರಿಂಚಿನ ಕೊಳವೆ, ಬ್ಲೋವರ್, ಮಾಡಿಗಿಂತ ಎತ್ತರದಲ್ಲಿ, ವಾರ್ಡಿನ ಕಿಟಕಿಗಳಿಂದ ದೂರಕ್ಕೆ ಹೊರದಾರಿ. ಮೊದಲ ಜಿಐ (ಸತು ಲೇಪಿಸಿದ ಕಬ್ಬಿಣ) ಕೊಳವೆ ಒಂದು ಮಳೆಗಾಲವನ್ನೂ ಪೂರ್ತಿ ತಾಳಲಿಲ್ಲ. ಫಾರ್ಮಾಲ್ಡಿಹೈಡ್ ನಿಧಾನವಾಗಿ ಫಾರ್ಮಿಕ್ ಆಮ್ಲವಾಗುತ್ತದೆ, ಜೊತೆಗೆ ನಮ್ಮ ಕರಾವಳಿಯ ತೇವ. ಬೆಸುಗೆಯ ಕಡೆಯೆಲ್ಲ ಬಿಳಿ ಪುಡಿಯೆದ್ದು ತೂತುಬಿತ್ತು. ಏಳು ಸಾವಿರ ನಷ್ಟ. ಈಗಿರುವುದು ಪಿವಿಸಿ.

ಎಲ್ಲ ಜೋಡಿಸಿದ ಮೇಲೂ ಬ್ಲೋವರ್ ಬರೀ ಸದ್ದು ಮಾಡಿತು, ಗಾಳಿ ಎಳೆಯಲಿಲ್ಲ. ಜೂನ್ ತಿಂಗಳು, ಮಳೆಯ ಇರಚಲಿಗೆ ಕಿಟಕಿ ಬಾಗಿಲು ಭದ್ರ. ಹೊರಗೆ ಹೋಗುವಷ್ಟು ಗಾಳಿ ಒಳಗೆ ಬರಬೇಕಲ್ಲ! ಬಾಗಿಲಿನ ಕೆಳಗೆ ಜಾಲರಿ ಕೊರೆಸಿದೆ. ಬೆಂಕಿಯ ಭಯಕ್ಕೆ ಸ್ಪೆಸಿಮನ್ (ಪರೀಕ್ಷೆಗೆ ಬಂದ ಅಂಗಗಳು), ಕ್ಸೈಲೀನ್ ಎಲ್ಲ ಹೊರಗಿಟ್ಟು, ಖಾಲಿ ಮೇಜಿನ ಮೇಲೆ ಊದುಬತ್ತಿ ಹಿಡಿದೆ. ಹೊಗೆ ಒಂದು ಗೇಣು ಮೇಲೇರಿ, ಕತ್ತು ಬಗ್ಗಿಸಿ, ತೂತಿನೊಳಗೆ ಇಳಿಯಿತು. ಆಗದೆಂದಿದ್ದ ನಮ್ಮ ಮೇಲ್ವಿಚಾರಕರನ್ನು ಕರೆದು ತೋರಿಸಿದೆ. ಮೇಜಿನ ಮೇಲ್ಮೈಯಲ್ಲಿ ಗಾಳಿಯ ವೇಗ ಸೆಕೆಂಡಿಗೆ ಸುಮಾರು ಅರ್ಧ ಮೀಟರ್. ಮೇಜಿನ ನಾಲ್ಕೂ ಮೂಲೆ ಸಮನಾಗಿ ಎಳೆಯುವಂತೆ ತೂತಿನ ಗಾತ್ರ ಹೇಗೆ ಬದಲಾಯಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ; ಅದಕ್ಕೆ ನಾನು ಪಟ್ಟ ಪಾಡು ದೊಡ್ಡದು.

ಅಳತೆಯ ಮಾತು. ಅಗ್ಗದ ಕೈಮೀಟರ್ ಸ್ಪಿರಿಟ್ ಹತ್ತಿಗೂ ಜಿಗಿಯುತ್ತದೆ, ಕೊಳ್ಳಬೇಡಿ. ಗಾಳಿಯ ಫಾರ್ಮಾಲ್ಡಿಹೈಡನ್ನು ಹೀರಿಕೊಳ್ಳುವ ಬ್ಯಾಡ್ಜನ್ನು ಕಾಲರಿಗೆ ಸಿಕ್ಕಿಸಿ, ಅಳೆಯಲು ಬೆಂಗಳೂರಿಗೆ ಕಳಿಸಿದೆ. ಬಕೆಟ್ ತೆರೆದು ಕೆಲಸ ಮಾಡುವ ಹದಿನೈದು ನಿಮಿಷಕ್ಕೆ ಮೊದಲು ಒಂದೂವರೆ ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಒಂದೂವರೆ ಪಾಲು) ಬಂದಿತ್ತು, ಈಗ 0.2ರ ಹತ್ತಿರ. ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ ಓಶಾದ ಮಿತಿ ಎಂಟು ಗಂಟೆಗೆ 0.75, ಹದಿನೈದು ನಿಮಿಷಕ್ಕೆ 2. ಆದರೆ ಅಲ್ಲಿನದೇ ಸಂಶೋಧನಾ ಸಂಸ್ಥೆ ನಿಯೋಶ್ ಹದಿನೈದು ನಿಮಿಷಕ್ಕೆ 0.1 ಮೀರಬಾರದೆನ್ನುತ್ತದೆ. ನನ್ನ ಗುರಿ ಅದು.

ಈ ನಡುವೆ ದೊಡ್ಡ ಸ್ಪೆಸಿಮನ್‌ಗಳನ್ನು ಕೊಯ್ಯುವ ಮೊದಲು ಅರ್ಧ ಗಂಟೆ ನೀರಿನಲ್ಲಿಟ್ಟು ನೋಡಿದೆ. ಖರ್ಚಿಲ್ಲದೆ ಕಣ್ಣುರಿ ಎದ್ದು ಕಾಣುವಷ್ಟು ಇಳಿಯಿತು. ಅಂಗಾಂಶ ಪೂರ್ತಿ ಫಿಕ್ಸ್ ಆಗಿದ್ದರೆ (ಫಾರ್ಮಲಿನ್ ಒಳಗಿನವರೆಗೆ ಇಳಿದು ಕೆಡದಂತಾಗಿದ್ದರೆ) ಮಾತ್ರ ಇದನ್ನು ಮಾಡಿ. ಇಟಲಿಯ ಟ್ಯೂರಿನ್ನಿನಲ್ಲಿ ಫಾರ್ಮಲಿನ್ ಬಿಟ್ಟು ನಿರ್ವಾತ ಚೀಲದಲ್ಲಿ ಅಂಗಾಂಶ ಸಾಗಿಸುವುದನ್ನು ರೂಢಿಸಿದ್ದಾರೆ. ಅಡುಗೆಮನೆಯ ಸೀಲಿಂಗ್ ಯಂತ್ರದಲ್ಲಿ ಪ್ರಯತ್ನಿಸಿದೆ, ಆದರೆ ದಾರಿಯುದ್ದಕ್ಕೂ 4 ಡಿಗ್ರಿ ತಂಪು ಕಾಯಲು ನಮ್ಮಲ್ಲಿ ವ್ಯವಸ್ಥೆಯಿಲ್ಲ.

ಈಗ ಕೈಹಾಕಿರುವುದು ಆಪರೇಷನ್ ಥಿಯೇಟರಿಗೆ. ಅಲ್ಲಿ ನರ್ಸುಗಳು ದೊಡ್ಡ ಕ್ಯಾನನ್ನು ಬಗ್ಗಿಸಿ ಸ್ಪೆಸಿಮನ್ ಹಾಕುವ ಜಾರಿಗೆ ಫಾರ್ಮಲಿನ್ ಸುರಿಯುತ್ತಾರೆ, ಮುಖ ಜಾರಿನ ಮೇಲೆಯೇ ಇರುತ್ತದೆ. ಕ್ಯಾನಿಗೆ ತಳದ ನಲ್ಲಿ ಕೂಡಿಸಲು ಆರುನೂರು ರೂಪಾಯಿ ಸಾಕು. ಮೊದಲ ಕ್ಯಾನ್ ಸಿದ್ಧವಾಗಿದೆ.