ಬಸುರಿಯನ್ನು ಕವುಚಿ ಮಲಗಿಸಿದ್ದು: ನನ್ನ ಅನುಭವ

"ಏಳು ತಿಂಗಳ ಬಸುರಿಯನ್ನು ಕವುಚಿ ಮಲಗಿಸುವುದಾ? ಮಗು ಅಪ್ಪಚ್ಚಿ ಆಗ್ತದೆ!" 2021ರ ಮೇ ತಿಂಗಳಲ್ಲಿ ಮಂಗಳೂರಿನ ನಮ್ಮ ಕೋವಿಡ್ ಐಸಿಯುನಲ್ಲಿ ಇದನ್ನು ಹೇಳದವರೇ ಇಲ್ಲ. ಹಿರಿಯ ಸಿಸ್ಟರ್‌ಗಳೂ ಹೇಳಿದರು. ನಮ್ಮ ಡಾಕ್ಟರೊಬ್ಬರು ಮಾತ್ರ "ನೋಡುವಾ" ಎಂದರು, ನನಗೆ ಅಷ್ಟು ಸಾಕಿತ್ತು.

ಆಗಿನ ಪರಿಸ್ಥಿತಿ ನಿಮಗೆ ಗೊತ್ತೇ ಉಂಟು. ಬಹರೈನ್‌ನಿಂದ ನೌಕಾಪಡೆಯ ಹಡಗು ಐಎನ್‌ಎಸ್ ತಲ್ವಾರ್ ಆಕ್ಸಿಜನ್ ಹೊತ್ತು ಪಣಂಬೂರಿನ ಬಂದರಿಗೆ ಬಂದದ್ದು ಮೇ 5ಕ್ಕೆ. ಬಸುರಿಯರ ಲಸಿಕೆಗೆ ಒಪ್ಪಿಗೆ ಸಿಕ್ಕಿದ್ದು ಜುಲೈ 2ಕ್ಕೆ. ಹಾಗಾಗಿ ನಮ್ಮಲ್ಲಿಗೆ ಬಂದವರಲ್ಲಿ ಒಬ್ಬರಿಗೂ ಲಸಿಕೆ ಆಗಿರಲಿಲ್ಲ. ಮೂಗಿನ ಮೂಲಕ ಕೊಡುವ ಹೈ ಫ್ಲೋ ಆಕ್ಸಿಜನ್ ನಿಮಿಷಕ್ಕೆ 60 ಲೀಟರಿಗೆ ಏರಿಸಿದರೂ ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಶೇಕಡಾ) 88, 89. ನಮಗೆ ಬೇಕಾದದ್ದು 95. ಕವುಚಿ ಮಲಗಿಸಿದರೆ ಏರಬಹುದು ಎಂದು ನನ್ನ ಲೆಕ್ಕ.

ಮೊದಲ ಪ್ರಯತ್ನ ಪೂರ್ತಿ ಕೆಟ್ಟಿತು. ವಾರ್ಡಿನ ದಿಂಬುಗಳನ್ನೇ ಎದೆಗೆ ಎರಡು, ಸೊಂಟಕ್ಕೆ ಎರಡು ಇಟ್ಟೆ. ಹತ್ತು ನಿಮಿಷದಲ್ಲಿ ಅವು ಚಪ್ಪಟೆಯಾಗಿ ಹೊಟ್ಟೆ ಹಾಸಿಗೆಗೆ ತಾಗಿತು, ಮಲಗಿದ್ದ ಬಸುರಿಗೆ ವಾಂತಿ, ಮಗುವಿನ ಎದೆಬಡಿತ ನೋಡುವ ಬೆಲ್ಟ್ ಜಾರಿ ಎಲ್ಲೋ ಹೋಯಿತು. ಆಮೇಲೆ ಕಾರಿನ ಟಯರಿನ ಟ್ಯೂಬ್ ತಂದೆ. ಸುಮಾರು 350 ರೂಪಾಯಿ ಸುಮ್ನೆ ಹೋಯಿತು. ಸೆಕೆಗೆ ಮೈಗೆ ಅಂಟಿಕೊಂಡು ಚರ್ಮ ಕೆಂಪಾಯಿತು, ಅದನ್ನು ಅಲ್ಲಿಗೇ ಬಿಟ್ಟೆ.

ಕೊನೆಗೆ ಬಂದರಿನ ಹಾಸಿಗೆ ಅಂಗಡಿಯಿಂದ ಗಟ್ಟಿ ಫೋಮ್ ಮೂರು ತುಂಡು ಕತ್ತರಿಸಿ ತಂದೆ. ಲಾಕ್‌ಡೌನ್, ಅಂಗಡಿ ಬೆಳಗ್ಗೆ ಸ್ವಲ್ಪ ಹೊತ್ತು ಮಾತ್ರ. ಫೋಮಿಗೆ ಎರಡೂವರೆ ಸಾವಿರ, ರೆಕ್ಸಿನ್ ಹೊಲಿಸಲು 600, ಎಲ್ಲ ನನ್ನ ಕೈಯಿಂದಲೇ. ಎದೆಯ ಕೆಳಗೊಂದು, ಸೊಂಟದ ಕೆಳಗೊಂದು, ಕಣಕಾಲಿಗೊಂದು. ಹೊಟ್ಟೆ ಪೂರ್ತಿ ನೇತಾಡಬೇಕು. ಅಡಿಯಿಂದ ನನ್ನ ಅಂಗೈ ಆಚೆಯಿಂದೀಚೆ ಸಲೀಸಾಗಿ ಹೋಗಬೇಕು, ಅದೇ ನನ್ನ ಅಳತೆ. ಎದೆಯ ತುಂಡನ್ನು ಎಷ್ಟು ಓರೆಯಾಗಿ ಕತ್ತರಿಸಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬಂದರೆ ಎದುರು ನಿಂತು ತೋರಿಸುತ್ತೇನೆ, ತಪ್ಪಾಗಬಾರದು ನೋಡಿ.

ಮರುದಿನ ಮೂವತ್ತು ವಾರದ ಬಸುರಿ ಹುಡುಗಿ. "ಸಿಸ್ಟರ್, ಮಗುವಿಗೆ ಏನೂ ಆಗ್ಲಿಕ್ಕಿಲ್ಲ ಅಲ್ವಾ?" ಎಂದು ನನ್ನ ಗ್ಲೌಸ್ ಗಟ್ಟಿಯಾಗಿ ಹಿಡಿದಿದ್ದಳು. ಮಾನಿಟರಿನಲ್ಲಿ ಮಗುವಿನ ಬಡಿತ 140ರ ಆಸುಪಾಸು, ಒಮ್ಮೆಯೂ ಇಳಿಯಲಿಲ್ಲ. ಇಪ್ಪತ್ತು ನಿಮಿಷಕ್ಕೆ ಸ್ಯಾಚುರೇಷನ್ 94, ಸಂಜೆಗೆ 96. ಬೇಡ ಎಂದವರೇ ಬಂದು ನೋಡಿ ಹೋದರು. ಸ್ಟೀರಾಯ್ಡ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮದ್ದು) ನಡೆದೇ ಇತ್ತು, ಅದನ್ನು ನಿಮಗೆ ಹೇಳಬೇಕಿಲ್ಲ. ಆದರೆ ಆ ಇಪ್ಪತ್ತು ನಿಮಿಷದ ಏರಿಕೆ ಫೋಮಿನದ್ದೇ.

ಒಮ್ಮೆಗೆ ಎರಡು ಗಂಟೆಗಿಂತ ಜಾಸ್ತಿ ಯಾರೂ ತಡೆಯಲಿಲ್ಲ. ನಡುವೆ ಎಡಮಗ್ಗುಲಿಗೆ ಮಲಗಿಸುತ್ತಿದ್ದೆ, ಅಂಗಾತ ಮಾತ್ರ ಇಲ್ಲವೇ ಇಲ್ಲ. ಊಟವಾಗಿ ಒಂದು ಗಂಟೆ ಕಳೆಯದೆ ತಿರುಗಿಸಬೇಡಿ, ವಾಂತಿಯ ಪಾಠ ಅದು. ನೆನಪಿನಂತೆ ಹತ್ತು ಹನ್ನೊಂದು ಜನರಿಗೆ ಮಾಡಿದೆವು. ಇಬ್ಬರಿಗೆ ವೆಂಟಿಲೇಟರಿಗಾಗಿ ಗಂಟಲಿಗೆ ಟ್ಯೂಬ್ ಹಾಕಲೇಬೇಕಾಯಿತು, ಅವರಲ್ಲಿ ಒಬ್ಬಳು ಉಳಿಯಲಿಲ್ಲ. ಅವಳಿಗೆ ಒಂದು ದಿನ ಮೊದಲೇ ಶುರು ಮಾಡಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ಫೋಮ್ ತುಂಡುಗಳು ನಮ್ಮ ಸ್ಟೋರಿನಲ್ಲೇ ಉಂಟು. ರೆಕ್ಸಿನ್ ಒಂದು ಕಡೆ ಹರಿದಿದೆ, ಹೊಲಿಸಬೇಕು.