ಪುಟ್ಟ ಬೋರ್ಡನ್ನು ನಾನು ಪರೀಕ್ಷಿಸಿದ ಬಗೆ

ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ಲೆಕ್ಕಪತ್ರಕ್ಕೆ ಜೋಡಿಸಿದ ಕಂಪ್ಯೂಟರಿಗೆ ಎಚ್610 ಚಿಪ್‌ಸೆಟ್ (ಬೋರ್ಡಿನ ಸಂಪರ್ಕಗಳನ್ನು ನಿಭಾಯಿಸುವ ಚಿಪ್ಪು) ಇರುವ, ಮಿನಿ ಐಟಿಎಕ್ಸ್ ಎಂಬ ಪುಟ್ಟ ಅಳತೆಯ ಮದರ್‌ಬೋರ್ಡು, ಐ3-12100 ಪ್ರೊಸೆಸರ್ ಆರಿಸಿದೆ. ಬೋರ್ಡಿನ ಅಳತೆ 170×170 ಮಿ.ಮೀ. ಕಾರ್ಡು ಹಾಕಲು ಒಂದೇ ಸ್ಲಾಟು, ರ‍್ಯಾಮಿಗೆ ಎರಡು. ಆಮೇಲೆ ಸೇರಿಸಿಕೊಳ್ಳೋಣ ಎಂದರೆ ಜಾಗವಿರುವುದಿಲ್ಲ. ಈ ಚಿಪ್‌ಸೆಟ್ಟಿನ ಎಂ.2 ಸ್ಲಾಟಿನಲ್ಲಿ (ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಕೂರಿಸುವ ಜಾಗ) ಪಿಸಿಐಇ ಸಂಪರ್ಕದ 3.0 ಪೀಳಿಗೆಯ ವೇಗವಷ್ಟೇ ಸಿಗುತ್ತದೆ. ಲೆಕ್ಕದ ಕೆಲಸಕ್ಕೆ ಅದು ಧಾರಾಳ, 4.0 ಎಸ್‌ಎಸ್‌ಡಿಗೆ ದುಡ್ಡು ಸುರಿಯಬೇಡಿ.

ಅಂಗಡಿಯಲ್ಲೇ ಪ್ರೊಸೆಸರ್ ಕೂರುವ ಸಾಕೆಟ್ಟಿನ ಮುಚ್ಚಳ ತೆಗೆಸಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. 1700 ಪಿನ್ನುಗಳೂ ಒಂದೇ ಸಮನೆ ಹೊಳೆಯಬೇಕು. ಎಲ್ಲಾದರೂ ಸಾಲು ಕದಡಿದಂತೆ ಕಂಡರೆ ಪಿನ್ನು ಬಾಗಿದೆ ಎಂದರ್ಥ. ಮನೆಗೆ ತಂದ ಮೇಲೆ ಯಾರೂ ವಾಪಸು ತೆಗೆದುಕೊಳ್ಳುವುದಿಲ್ಲ.

ಕೇಸಿಗೆ ಕೂರಿಸುವ ಮುನ್ನ ಬೋರ್ಡನ್ನು ಅದರ ರಟ್ಟಿನ ಡಬ್ಬದ ಮೇಲಿಟ್ಟು ಚಾಲೂ ಮಾಡಿದೆ. ಬೋರ್ಡನ್ನು ಸುತ್ತಿ ಕೊಡುವ ಬೂದು ಬಣ್ಣದ ಹೊಳೆಯುವ ಕವರಿನ ಮೇಲಿಡಬೇಡಿ, ಅದರ ಮೈ ವಿದ್ಯುತ್ ಹರಿಸಬಲ್ಲದು. ಕೂಲರ್, ಒಂದೇ ರ‍್ಯಾಮ್, 24 ಪಿನ್ನಿನ ಕೇಬಲ್, ಪ್ರೊಸೆಸರಿನ 8 ಪಿನ್ನಿನ ಕೇಬಲ್, ಮಾನಿಟರ್ ಇಷ್ಟೇ ಸಾಕು. ಪವರ್ ಸ್ವಿಚ್ಚಿನ ಎರಡು ಪಿನ್ನಿಗೆ ಸ್ಕ್ರೂಡ್ರೈವರ್ ತುದಿ ಒಮ್ಮೆ ತಾಗಿಸಿ. ಡಿಡಿಆರ್5 ಪೀಳಿಗೆಯ ರ‍್ಯಾಮ್ ಆದರೆ ಮೊದಲ ಸಲ ಪರದೆ ಒಂದೆರಡು ನಿಮಿಷ ಕಪ್ಪಾಗಿಯೇ ಇರಬಹುದು. ಗಾಬರಿಯಿಂದ ಕರೆಂಟ್ ತೆಗೆಯಬೇಡಿ. ರಾತ್ರಿಯಿಡೀ ಮೆಮ್‌ಟೆಸ್ಟ್ ಎಂಬ ರ‍್ಯಾಮ್ ಪರೀಕ್ಷಿಸುವ ತಂತ್ರಾಂಶ ಓಡಿಸಿ. ಒಂದು ತಪ್ಪು ತೋರಿಸಿದರೂ ಆ ರ‍್ಯಾಮನ್ನು ಇನ್ನೊಂದು ಸ್ಲಾಟಿಗೆ ಹಾಕಿ ನೋಡಿ, ದೋಷ ರ‍್ಯಾಮಿನದೋ ಬೋರ್ಡಿನದೋ ತಿಳಿಯುತ್ತದೆ.

ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ವಿಆರ್‌ಎಂನದು. 12 ವೋಲ್ಟನ್ನು ಪ್ರೊಸೆಸರಿಗೆ ಬೇಕಾದಷ್ಟಕ್ಕೆ ಇಳಿಸುವ ಭಾಗವದು. ಅಗ್ಗದ ಬೋರ್ಡುಗಳಲ್ಲಿ ಅದರ ಮೇಲೆ ಬಿಸಿ ಹೀರುವ ಲೋಹದ ಹೀಟ್‌ಸಿಂಕೇ ಇರುವುದಿಲ್ಲ. ಈ ಪ್ರೊಸೆಸರ್ 60 ವ್ಯಾಟಿನದಾದರೂ ಟರ್ಬೊದಲ್ಲಿ, ಅಂದರೆ ಹೊರೆ ಬಿದ್ದು ವೇಗ ಹೆಚ್ಚಿಸಿಕೊಂಡಾಗ, 89ರವರೆಗೆ ಏರುತ್ತದೆ. ಕೇಸ್ ಮುಚ್ಚಿ ಅರ್ಧ ಗಂಟೆ ಪೂರ್ತಿ ಹೊರೆ ಕೊಟ್ಟು, ತೆರೆದ ಕೂಡಲೇ ವಿಆರ್‌ಎಂನ ಬಿಸಿಯನ್ನು ಇನ್‌ಫ್ರಾರೆಡ್ ಥರ್ಮಾಮೀಟರಿನಲ್ಲಿ ಅಳೆಯಿರಿ. 90 ಡಿಗ್ರಿ ದಾಟಿದರೆ ನಾನು ಆ ಜೋಡಣೆಯನ್ನು ಒಪ್ಪುವುದಿಲ್ಲ. ಪ್ರೊಸೆಸರ್ ಜೊತೆ ಬರುವ ಕೂಲರ್ ಗಾಳಿಯನ್ನು ಕೆಳಕ್ಕೆ ಊದುವುದರಿಂದ ವಿಆರ್‌ಎಂಗೂ ತಂಪು ತಾಗುತ್ತದೆ. ಸದ್ದು ಕಡಿಮೆಯೆಂದು ಗಾಳಿಯನ್ನು ಅಡ್ಡಕ್ಕೆ ಊದುವ ಎತ್ತರದ ಟವರ್ ಕೂಲರ್ ಹಾಕಿದರೆ ಆ ಗಾಳಿ ತಪ್ಪಿಹೋಗುತ್ತದೆ.

ಬಯಾಸಿನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗುಗಳು ಇರುವ ಜಾಗ), ಕರೆಂಟ್ ಮರಳಿದಾಗ ತಾನೇ ಚಾಲೂ ಆಗದಂತೆ ಇಟ್ಟಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದು ಮಾಡುವಾಗ, ಬೂಟ್ ಆಗುತ್ತಿರುವಾಗಲೇ ಮತ್ತೆ ಹೋದರೆ ಫೈಲುಗಳು ಕೆಡುತ್ತವೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ಗಿನ ಜೊತೆಗೆ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಿ. ಸಿಡಿಲಿನ ಹೊಡೆತ ಆ ದಾರಿಯಲ್ಲೂ ಬೋರ್ಡಿಗೆ ಬರುತ್ತದೆ.